ಬಳಸುವವನ ತಪ್ಪು ಮತ್ತು ಪ್ರೋಗ್ರಾಮಿನ ಅಪವಾದ

ಪ್ರೋಗ್ರಾಮು ಬರೆಯಲು ಕಲಿಯುವ ವಿದ್ಯಾರ್ಥಿಗೆ ಮೊದಲ ವಾರಗಳಲ್ಲಿಯೇ ಎದುರಾಗುವ ಪ್ರಶ್ನೆಯೊಂದುಂಟು. ಪರೀಕ್ಷೆಯ ಅಂಕವನ್ನು ಕೇಳಿದಾಗ ಬಳಸುವವನು ‘72’ ಎನ್ನದೆ ‘ಎಪ್ಪತ್ತೆರಡು’ ಎಂದು ಅಕ್ಷರಗಳಲ್ಲಿ ಬರೆದರೆ ಏನಾಗತಕ್ಕದ್ದು? ಪೈಥಾನ್ ಭಾಷೆಯಲ್ಲಿ ಬರಹವನ್ನು ಪೂರ್ಣಾಂಕವಾಗಿಸುವ ‘ಇಂಟ್’ ಆಗ ‘ವ್ಯಾಲ್ಯೂಎರರ್’ ಎಂಬ ಅಪವಾದವನ್ನು ಎಸೆಯುತ್ತದೆ; ಅದನ್ನು ಹಿಡಿಯದಿದ್ದರೆ ಪ್ರೋಗ್ರಾಮು ಅಲ್ಲಿಗೇ ನಿಲ್ಲುತ್ತದೆ.

ಮನುಷ್ಯನು ಕೈತಪ್ಪಿ ಬರೆಯುವುದು ನಿತ್ಯದ ಸಂಗತಿ, ಅದು ಅಪವಾದವೆಂತಾದೀತು ಎಂದು ಆಕ್ಷೇಪಿಸುವವರುಂಟು. ಆದರೆ ಜಾನ್ ಗುಡೆನಫ್ ಅವರು 1975ರ ತಮ್ಮ ಪ್ರಬಂಧದಲ್ಲಿಯೇ ಅಪವಾದವೆಂದರೆ ದೋಷವೇ ಆಗಬೇಕಿಲ್ಲವೆಂದೂ, ಒಂದು ಕಾರ್ಯವು ತನ್ನನ್ನು ಕರೆದವರ ಗಮನಕ್ಕೆ ತರಬೇಕಾದ ಸ್ಥಿತಿಯೆಂದೂ ವಿವರಿಸಿದ್ದಾರೆ.

ಹಾಗಾದರೆ ಮೊದಲೇ ಪರೀಕ್ಷಿಸಬಾರದೇ? ಅದಕ್ಕೆಂದು ಹಲವರು ಬಳಸುವ ‘ಇಸ್‌ಡಿಜಿಟ್’ ವಿಶ್ವಾಸಾರ್ಹವಲ್ಲ. ‘-5’ನ್ನು ಅದು ನಿರಾಕರಿಸುತ್ತದೆ, ಇಂಟ್ ಒಪ್ಪುತ್ತದೆ, ವರ್ಗಸೂಚಕವಾದ ‘²’ನ್ನು ಅದು ಒಪ್ಪುತ್ತದೆ, ಇಂಟ್ ನಿರಾಕರಿಸುತ್ತದೆ. (ಕನ್ನಡದ ‘೭೨’ನ್ನು ಎರಡೂ ಒಪ್ಪುವುದು ನಮಗೆ ಸಂತೋಷದ ವಿಷಯ.) ಆದುದರಿಂದ ಪರಿವರ್ತಿಸಿ ನೋಡಿ, ಅಪವಾದ ಬಂದರೆ ಹಿಡಿದು, ಮತ್ತೆ ಕೇಳುವುದೇ ಲೇಸು.

ಅಪಾಯವಿರುವುದು ಬೇರೆಡೆ. ಕಲಿಯುವವರು ಅಂಕ ಕೇಳುವ ಆವರ್ತನೆಯನ್ನೂ ಸರಾಸರಿಯ ಲೆಕ್ಕವನ್ನೂ ಒಟ್ಟಾಗಿ ‘ಟ್ರೈ’ಯೊಳಗೆ ತುಂಬಿ, ಅಪವಾದದ ಹೆಸರನ್ನೇ ಹೇಳದ ‘ಎಕ್ಸೆಪ್ಟ್’ ಒಂದನ್ನು ಇರಿಸಿ, ‘ಅಂಕ ತಪ್ಪಾಗಿದೆ, ಮತ್ತೆ ಬರೆಯಿರಿ’ ಎಂದು ಮುದ್ರಿಸುವರು. ಲೆಕ್ಕದಲ್ಲಿ ಚರದ ಹೆಸರನ್ನು ತಾವೇ ತಪ್ಪಿ ಬರೆದಿದ್ದರೂ ದೂಷಣೆ ಬಳಸುವವನ ಮೇಲೆ ಬೀಳುತ್ತದೆ; ಅವನು ಸರಿಯಾದ ಅಂಕವನ್ನು ಎಷ್ಟು ಸಲ ಕೊಟ್ಟರೂ ಬಿಡುಗಡೆಯಿಲ್ಲ. ಬೇಸತ್ತು ಕಂಟ್ರೋಲ್-ಸಿ ಒತ್ತಿದರೆ ಆ ಸೂಚನೆಯನ್ನೂ ಅದೇ ಎಕ್ಸೆಪ್ಟ್ ನುಂಗಿಬಿಡುತ್ತದೆ! ಟ್ರೈಯೊಳಗೆ ಪರಿವರ್ತನೆಯ ಒಂದು ಸಾಲು, ಎಕ್ಸೆಪ್ಟ್‌ನಲ್ಲಿ ವ್ಯಾಲ್ಯೂಎರರ್ ಎಂಬ ಹೆಸರು: ಇಷ್ಟೇ ಇರತಕ್ಕದ್ದೆಂಬುದು ನಮ್ಮ ಅಭಿಪ್ರಾಯ. ಮೊದಲ ಪಾಠದಲ್ಲಿಯೇ ಇದನ್ನು ರೂಢಿಸುವುದು ಅಧ್ಯಾಪಕರ ಕೈಯಲ್ಲಿದೆ.

ಇನ್ನು ‘105’ರ ಮಾತು. ಅದು ನಿರ್ದುಷ್ಟವಾದ ಪೂರ್ಣಾಂಕ, ಇಂಟ್ ಆಕ್ಷೇಪಿಸದು. ಅಂಕವು 100ನ್ನು ಮೀರಿತೆಂಬುದನ್ನು ಕೇಳಿದ ಸ್ಥಳದಲ್ಲಿಯೇ ‘ಇಫ್’ನಿಂದ ಕಂಡು ಮರಳಿ ಕೇಳಬಹುದು, ಎಸೆಯುವ ಪ್ರಮೇಯವಿಲ್ಲ. ಅದೇ 105 ಒಳಗಿರುವ, ಅಂಕಕ್ಕೆ ಗ್ರೇಡ್ ಪಾಯಿಂಟನ್ನು ನಿರ್ಣಯಿಸುವ ಫಂಕ್ಷನ್ನಿಗೆ ತಲುಪಿದರೆ ಸನ್ನಿವೇಶವೇ ಬೇರೆ. ಆ ಫಂಕ್ಷನ್ನಿನ ಎದುರಿಗೆ ಬಳಸುವವನಿಲ್ಲ, ಅಂಕವು ಕೀಲಿಮಣೆಯಿಂದ ಬಂದಿತೋ ಕಡತದಿಂದ ಬಂದಿತೋ ಅದು ಅರಿಯದು. ಅಲ್ಲಿ ‘ರೈಸ್’ ಎಂದು ಅಪವಾದವನ್ನು ತಾನಾಗಿ ಎಸೆಯುವುದೇ ಯುಕ್ತ. ಬದಲಿಗೆ ಸುಮ್ಮನೆ -1 ಎಂದು ಉತ್ತರಿಸಿದರೆ, ಕರೆದ ಭಾಗವು ಅದನ್ನು ಪರಿಶೀಲಿಸದೆ ಮೊತ್ತಕ್ಕೆ ಕೂಡಿಸಿಬಿಟ್ಟೀತು. ಫಲಿತಾಂಶದ ಪಟ್ಟಿಯಲ್ಲಿ ಆ ತಪ್ಪು ಯಾರ ಕಣ್ಣಿಗೂ ಬೀಳದೆ ಹೋದೀತು.