ಮದುವೆ ಫೋಟೋ ಚೆಂದ ಬರಬೇಕೇ? ಮೊದಲು ಲೆನ್ಸ್, ಆಮೇಲೆ ಎಡಿಟಿಂಗ್!

ತುಳಸಿ ಲಗ್ನ ಮುಗಿಯಿತೆಂದರೆ ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಭಾಗದಲ್ಲಿ ಮದುವೆಗಳ ಸುಗ್ಗಿ. ಮಂಗಲ ಕಾರ್ಯಾಲಯಗಳು ಖಾಲಿ ಇರುವುದಿಲ್ಲ, ಬ್ಯಾಂಡಿನವರಿಗೆ ಬಿಡುವಿಲ್ಲ, ಫೋಟೋದವರಂತೂ ಕೈಗೇ ಸಿಗುವುದಿಲ್ಲ. ಹೆಣ್ಣಿನ ಕಡೆಯವರು ಸಂಕೇಶ್ವರ, ನಿಪ್ಪಾಣಿ ಕಡೆಯವರಾದರೆ ಗಂಡಿನ ಕಡೆಯವರು ಗಡಹಿಂಗ್ಲಜದವರು. ಮಾತು ಅರ್ಧ ಕನ್ನಡ, ಅರ್ಧ ಮರಾಠಿ. ಆದರೆ ಆಲ್ಬಮ್ ಕೈಗೆ ಬಂದಾಗ ಎರಡೂ ಕಡೆಯ ದೂರು ಮಾತ್ರ ಒಂದೇ : "ಇಷ್ಟು ರೊಕ್ಕಾ ಕೊಟ್ರೂ ಮುಖಾನ ಸರಿ ಬಂದಿಲ್ಲಲ್ರೀ!"

ತಪ್ಪು ಯಾರದು? ಹೆಚ್ಚಿನವರು ಕ್ಯಾಮೆರಾವನ್ನು ಬೈಯುತ್ತಾರೆ. 'ಎಷ್ಟು ಮೆಗಾಪಿಕ್ಸೆಲ್' ಎಂದು ಕೇಳುತ್ತಾರೆ. ನಿಜ ಹೇಳಬೇಕೆಂದರೆ ಮೆಗಾಪಿಕ್ಸೆಲ್ಲಿನ ಕೊರತೆ ಈಗ ಯಾರಿಗೂ ಇಲ್ಲ. ಕೊರತೆ ಇರುವುದು ಬೆಳಕಿಗೆ ಮತ್ತು ಆ ಬೆಳಕನ್ನು ಒಳಗೆ ಬಿಟ್ಟುಕೊಳ್ಳುವ ಲೆನ್ಸಿಗೆ. ಫೋಟೋ ತೆಗೆಯುವವರಿಗೂ, ತೆಗೆಸುವವರಿಗೂ ಉಪಯೋಗವಾಗಲಿ ಎಂದು ಈ ವಿವರಣೆ.

ಗೋರಜ ಮುಹೂರ್ತದ ಕಷ್ಟ

ನಮ್ಮ ಭಾಗದಲ್ಲಿ ಗೋರಜ ಮುಹೂರ್ತದ ಮದುವೆಗಳು ಬಹಳ. ದನಗಳು ಮನೆಗೆ ಮರಳುವ ಹೊತ್ತು, ಅಂದರೆ ಸೂರ್ಯ ಮುಳುಗುವ ಸಮಯ. ನೋಡಲು ಸುಂದರ, ಫೋಟೋದವನಿಗೆ ಮಾತ್ರ ಪರೀಕ್ಷೆ. ಹಗಲಿನ ಬೆಳಕು ನಿಮಿಷ ನಿಮಿಷಕ್ಕೂ ಇಳಿಯುತ್ತಿರುತ್ತದೆ. ಹಂದರದೊಳಗಿನ ದೀಪಗಳು ಒಂದು ಕಡೆ ಹಳದಿ, ಇನ್ನೊಂದು ಕಡೆ ಬಿಳಿ. ಮಂಗಲಾಷ್ಟಕ ಮುಗಿದು ಅಂತರಪಟ ಸರಿದು ಅಕ್ಕಿಕಾಳು ಬೀಳುವುದು ಕೆಲವೇ ಕ್ಷಣ. ಅದು ತಪ್ಪಿದರೆ 'ಇನ್ನೊಮ್ಮೆ ಹಾಕ್ರಿ' ಎನ್ನಲು ಬರುವುದಿಲ್ಲ.

ಬೆಳಕು ಕಡಿಮೆಯಾದಾಗ ಕ್ಯಾಮೆರಾದ ಮುಂದೆ ಮೂರೇ ದಾರಿ. ಶಟರನ್ನು ಹೆಚ್ಚು ಹೊತ್ತು ತೆರೆದಿಡುವುದು : ಆಗ ಕೈ ಅಲುಗಿ, ಜನ ಅಲುಗಿ ಚಿತ್ರ ಮಸುಕಾಗುತ್ತದೆ. ಐಎಸ್‌ಒ ಏರಿಸುವುದು : ಆಗ ಚಿತ್ರದಲ್ಲಿ ರವೆ ಚೆಲ್ಲಿದಂತೆ ಕಾಳು ಕಾಳು ಕಾಣಿಸುತ್ತದೆ. ಮೂರನೆಯದು ಲೆನ್ಸಿನ ಬಾಯಿಯನ್ನೇ ದೊಡ್ಡದು ಮಾಡುವುದು. ಒಳ್ಳೆಯ ಲೆನ್ಸಿಗೆ ದುಡ್ಡು ಕೊಡುವುದು ಈ ಮೂರನೆಯ ದಾರಿಗಾಗಿ.

ಎಫ್ ನಂಬರ್ ಅಂದರೆ ಏನು?

ಲೆನ್ಸಿನ ಮೇಲೆ ಎಫ್/5.6, ಎಫ್/2.8, ಎಫ್/1.8 ಎಂದೆಲ್ಲ ಬರೆದಿರುತ್ತದೆ. ಮನೆಯ ಕಿಟಕಿ ಇದ್ದಂತೆ ಎಂದುಕೊಳ್ಳಿ. ಅಂಕಿ ಸಣ್ಣದಾದಷ್ಟೂ ಕಿಟಕಿ ದೊಡ್ಡದು! 50 ಮಿ.ಮೀ. ಲೆನ್ಸನ್ನು ಎಫ್/5.6ಕ್ಕೆ ಇಟ್ಟರೆ ತೂತಿನ ಅಗಲ ಸುಮಾರು 9 ಮಿ.ಮೀ. ಅದನ್ನೇ ಎಫ್/1.8ಕ್ಕೆ ಇಟ್ಟರೆ ಸುಮಾರು 28 ಮಿ.ಮೀ. ಅಗಲ ಮೂರು ಪಟ್ಟು ಹೆಚ್ಚಿದರೆ ಒಳಬರುವ ಬೆಳಕು ಒಂಬತ್ತು ಪಟ್ಟಿಗೂ ಮೀರಿ ಹೆಚ್ಚುತ್ತದೆ.

ಕ್ಯಾಮೆರಾ ಕೊಳ್ಳುವಾಗ ಜೊತೆಗೆ ಬರುವ 18-55 ಕಿಟ್ ಲೆನ್ಸನ್ನು ಪೂರ್ತಿ ಹತ್ತಿರಕ್ಕೆ ಎಳೆದರೆ ಅದು ತೆರೆಯುವುದು ಸಾಮಾನ್ಯವಾಗಿ ಎಫ್/5.6ರವರೆಗೆ ಮಾತ್ರ. ಹಂದರದಲ್ಲಿ ಅದಕ್ಕೆ 1/15 ಸೆಕೆಂಡ್ ಬೇಕಾದರೆ ಎಫ್/1.8 ಲೆನ್ಸಿಗೆ 1/125 ಸೆಕೆಂಡ್ ಸಾಕು. ಮೊದಲನೆಯದರಲ್ಲಿ ಮದುಮಗಳ ಮುಖ ಅಲುಗಿರುತ್ತದೆ, ಎರಡನೆಯದರಲ್ಲಿ ಕಣ್ಣಂಚಿನ ನೀರೂ ಕಾಣುತ್ತದೆ.

ಇದು ಇಂದಿನ ಸಮಸ್ಯೆಯೂ ಅಲ್ಲ. ಫೋಟೋಗ್ರಫಿ ಹುಟ್ಟಿದ ಹೊಸತರಲ್ಲಿ ಮುಖದ ಫೋಟೋಕ್ಕೆ ಜನ ಅಲುಗಾಡದೆ ಬಹಳ ಹೊತ್ತು ಕೂರಬೇಕಿತ್ತು. 1840ರಲ್ಲಿ ಜೋಸೆಫ್ ಪೆಟ್ಜ್‌ವಾಲ್ ಎಂಬ ಗಣಿತಜ್ಞ ಲೆಕ್ಕ ಹಾಕಿ, ಆಗಿನ ಲೆನ್ಸುಗಳಿಗಿಂತ ಹಲವು ಪಟ್ಟು ಹೆಚ್ಚು ಬೆಳಕು ಬಿಡುವ ಲೆನ್ಸ್ ರೂಪಿಸಿದ ಮೇಲೆ ಆ ಶಿಕ್ಷೆ ಕಡಿಮೆಯಾಯಿತು.

ಯಾವ ಲೆನ್ಸ್ ಯಾವುದಕ್ಕೆ?

* 50 ಮಿ.ಮೀ. ಎಫ್/1.8 : ಹೆಚ್ಚಿನ ಕಂಪನಿಗಳಲ್ಲಿ ಅಗ್ಗದ ಲೆನ್ಸುಗಳ ಸಾಲಿನಲ್ಲೇ ಇರುತ್ತದೆ. ಹೊಸದಾಗಿ ಸ್ಟುಡಿಯೋ ಹಾಕುವವರು ಕ್ಯಾಮೆರಾ ಬದಲಿಸುವ ಮೊದಲು ಇದನ್ನು ಕೊಳ್ಳುವುದು ಜಾಣತನ. ಝೂಮ್ ಇರುವುದಿಲ್ಲ, ಕಾಲಿನಲ್ಲೇ ಹಿಂದೆ ಮುಂದೆ ಹೋಗಬೇಕು. ಸಣ್ಣ ಸೆನ್ಸರಿನ ಕ್ಯಾಮೆರಾದಲ್ಲಿ ಇದು 75-80 ಮಿ.ಮೀ. ಲೆನ್ಸಿನಂತೆ ಕೆಲಸ ಮಾಡುವುದರಿಂದ ಇಕ್ಕಟ್ಟಿನ ಮನೆಯಲ್ಲಿ ಕಷ್ಟ. ಅಲ್ಲಿಗೆ 35 ಮಿ.ಮೀ. ಒಳ್ಳೆಯದು.

* 24-70 ಎಫ್/2.8 : ಮದುವೆ ಫೋಟೋದವರ ಎತ್ತು ಎನ್ನಿ, ದಿನವಿಡೀ ದುಡಿಯುತ್ತದೆ. ಬೆಲೆ ಮಾತ್ರ ಜಾಸ್ತಿ.

* 85 ಮಿ.ಮೀ. ಎಫ್/1.8 : ಮುಖಗಳಿಗೆ. ಹಿಂದಿನ ಕುರ್ಚಿ, ಪಂಖಾ, ನೀರಿನ ಬಾಟಲಿ ಎಲ್ಲ ಮಸುಕಾಗಿ ಮುಖ ಮಾತ್ರ ಎದ್ದು ಕಾಣುತ್ತದೆ.

* 70-200 ಎಫ್/2.8 : ವೇದಿಕೆ ಹತ್ತದೆ, ಬೀಗರ ಸೀಟಿಗೆ ಅಡ್ಡ ನಿಲ್ಲದೆ ದೂರದಿಂದಲೇ ಅಕ್ಕಿಕಾಳು ಹಿಡಿಯಬಹುದು.

* 16-35ರಂತಹ ಅಗಲ ಲೆನ್ಸ್ : ಇಡೀ ಹಂದರ ತೋರಿಸಲು. ಗುಂಪಿನ ಫೋಟೋಕ್ಕೆ ಇದನ್ನು ಹಾಕಿದರೆ ಅಂಚಿನಲ್ಲಿ ನಿಂತ ಅತ್ತಿಗೆಯವರು ಇದ್ದುದಕ್ಕಿಂತ ದಪ್ಪಗೆ ಕಾಣುತ್ತಾರೆ. ಆಮೇಲೆ ಬೈಗುಳ ಗ್ಯಾರಂಟಿ!

ದುಬಾರಿ ಲೆನ್ಸುಗಳನ್ನು ಎಲ್ಲರೂ ಕೊಳ್ಳಬೇಕಿಲ್ಲ. ದೊಡ್ಡ ಊರುಗಳಲ್ಲಿ ದಿನದ ಬಾಡಿಗೆಗೆ ಸಿಗುತ್ತವೆ.

ಒಂದು ಎಚ್ಚರಿಕೆ. ಸಣ್ಣ ಸೆನ್ಸರಿನ ಕ್ಯಾಮೆರಾದಲ್ಲಿ ಎಫ್/1.8ಕ್ಕೆ ತೆರೆದು ಎರಡು ಮೀಟರ್ ದೂರದಿಂದ ತೆಗೆದರೆ ಸ್ಪಷ್ಟವಾಗಿ ಬರುವ ಜಾಗ ಸುಮಾರು ಅರ್ಧ ಗೇಣು ಮಾತ್ರ. ಮದುಮಗಳು ಸ್ಪಷ್ಟ, ಒಂದು ಹೆಜ್ಜೆ ಹಿಂದೆ ನಿಂತ ಮದುಮಗ ಮಸುಕು! ಇಬ್ಬರಿದ್ದರೆ ಎಫ್/2.8 ಅಥವಾ ಎಫ್/4, ನಾಲ್ಕು ಸಾಲಿನ ಗುಂಪಿದ್ದರೆ ಎಫ್/8ರ ಆಸುಪಾಸು ಇರಲಿ.

ಹಂದರದ ಬಣ್ಣ, ದೀಪದ ಪಟ್ಟಿ

ಕೆಂಪು, ಹಳದಿ ಬಟ್ಟೆಯ ಹಂದರದ ಕೆಳಗೆ ಹಗಲಿನಲ್ಲಿ ನಿಂತವರ ಮುಖವೂ ಕೆಂಪು ಹಳದಿಯೇ. ಕಾರ್ಯಾಲಯದ ಬಿಳಿ ಚಾವಣಿಗೆ ಫ್ಲ್ಯಾಶ್ ತಿರುಗಿಸಿ ಹೊಡೆದರೆ ಮೆತ್ತಗಿನ ಬೆಳಕು ಮುಖಕ್ಕೆ ಇಳಿಯುತ್ತದೆ. ಅದೇ ಫ್ಲ್ಯಾಶನ್ನು ಬಣ್ಣದ ಬಟ್ಟೆಗೆ ಹೊಡೆದರೆ ಬಟ್ಟೆಯ ಬಣ್ಣವೇ ಮುಖಕ್ಕೆ ಬಳಿದಂತಾಗುತ್ತದೆ. ಅಲ್ಲಿ ಬಿಳಿ ಕೊಡೆ ಅಥವಾ ಸಾಫ್ಟ್ ಬಾಕ್ಸ್ ಬೇಕು.

ಅರಿಷಿಣದ ಕಾರ್ಯಕ್ರಮದಲ್ಲಿ ಇನ್ನೊಂದು ತಮಾಷೆ. ಎಲ್ಲೆಲ್ಲೂ ಹಳದಿ ಕಂಡ ಕ್ಯಾಮೆರಾ 'ದೀಪದ ಬೆಳಕೇ ಹಳದಿ ಇರಬೇಕು' ಎಂದು ತಿಳಿದು ಹಳದಿಯನ್ನು ಕಡಿಮೆ ಮಾಡುತ್ತದೆ. ಅರಿಷಿಣ ಮಾಸಲು, ಬಿಳಿ ಬಟ್ಟೆ ನೀಲಿ! ಆಟೋ ವೈಟ್ ಬ್ಯಾಲೆನ್ಸ್ ಬಿಟ್ಟು, ಅದೇ ಬೆಳಕಿನಲ್ಲಿ ಬಿಳಿ ಬಟ್ಟೆ ಅಥವಾ ಕಾಗದ ಹಿಡಿದು ಕ್ಯಾಮೆರಾಕ್ಕೆ ಬಿಳಿ ಯಾವುದೆಂದು ಕಲಿಸಿದರೆ ಈ ಗೋಳು ತಪ್ಪುತ್ತದೆ.

ಎಲ್‌ಇಡಿ ದೀಪಗಳಿಂದ ಚಿತ್ರದಲ್ಲಿ ಅಡ್ಡ ಪಟ್ಟಿ ಬರುವುದನ್ನೂ ನೋಡಿರುತ್ತೀರಿ. ನಮ್ಮ ದೇಶದ ಕರೆಂಟು 50 ಹರ್ಟ್ಜ್. ಅದರಿಂದ ಅನೇಕ ದೀಪಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ಕಣ್ಣಿಗೆ ಗೊತ್ತಾಗದು, ಕ್ಯಾಮೆರಾಕ್ಕೆ ಗೊತ್ತಾಗುತ್ತದೆ. ಶಟರನ್ನು 1/100 ಅಥವಾ 1/50ಕ್ಕೆ ಇಟ್ಟರೆ ಪಟ್ಟಿ ಬಹುಮಟ್ಟಿಗೆ ಮಾಯ.

ಕೊಲ್ಹಾಪುರಕ್ಕೆ ಇದು ಹೊಸದಲ್ಲ

ಕ್ಯಾಮೆರಾ, ಬೆಳಕು ಎಂದರೆ ಕೊಲ್ಹಾಪುರದ ಹೆಸರು ಬಿಡುವಂತಿಲ್ಲ. 1890ರಲ್ಲಿ ಈ ಊರಿನಲ್ಲಿ ಹುಟ್ಟಿದ ಬಾಬುರಾವ್ ಪೇಂಟರ್ ಮತ್ತು ಅವರ ಬಂಧು ಆನಂದರಾವ್ ನಾಟಕದ ಪರದೆ ಬರೆಯುತ್ತಿದ್ದ ಕಲಾವಿದರು. ಸಿನಿಮಾ ಕ್ಯಾಮೆರಾವನ್ನು ಇಲ್ಲೇ ತಯಾರಿಸುವ ಹಟ ಹಿಡಿದರು. ಆನಂದರಾವ್ 1916ರಲ್ಲಿ ತೀರಿಕೊಂಡರೂ ಬಾಬುರಾವ್ ಬಿಡಲಿಲ್ಲ. 1918ರ ಸುಮಾರಿಗೆ ಕ್ಯಾಮೆರಾ ಸಿದ್ಧವಾಯಿತು. ಮಹಾರಾಷ್ಟ್ರ ಫಿಲ್ಮ್ ಕಂಪನಿಯಿಂದ 1920ರಲ್ಲಿ 'ಸೈರಂಧ್ರಿ' ತೆರೆ ಕಂಡಿತು. 1923ರ 'ಸಿಂಹಗಡ'ದ ರಾತ್ರಿ ದೃಶ್ಯಗಳಿಗೆ ಅವರು ಕೃತಕ ಬೆಳಕು ಬಳಸಿದ್ದನ್ನು ಚಿತ್ರರಂಗದ ಇತಿಹಾಸ ಇಂದಿಗೂ ನೆನೆಯುತ್ತದೆ. ಅವರ ಕೈಕೆಳಗೆ ಕಲಿತ ವಿ. ಶಾಂತಾರಾಮ್, ದಾಮ್ಲೆ, ಫತ್ತೇಲಾಲ್ ಮೊದಲಾದವರು ಸೇರಿ 1929ರಲ್ಲಿ ಕೊಲ್ಹಾಪುರದಲ್ಲೇ ಪ್ರಭಾತ್ ಕಂಪನಿ ಕಟ್ಟಿದರು. ಅದು 1933ರಲ್ಲಿ ಪುಣೆಗೆ ಹೋಯಿತು.

ಸಲಕರಣೆ ಇಲ್ಲ ಎಂದು ಕೈಕಟ್ಟಿ ಕೂರದೆ, ಬೆಳಕನ್ನು ಅರ್ಥ ಮಾಡಿಕೊಂಡು ಕೆಲಸ ಮಾಡಿದ ಊರು ಇದು. ಇಂದಿನ ಸಣ್ಣ ಸ್ಟುಡಿಯೋದವರಿಗೂ ಇಷ್ಟು ನೆನಪಿದ್ದರೆ ಸಾಕು.

ಎಡಿಟಿಂಗ್ : ಉಪ್ಪಿನಷ್ಟಿರಲಿ

1990ರಲ್ಲಿ ಫೋಟೋಶಾಪ್, 2007ರಲ್ಲಿ ಲೈಟ್‌ರೂಮ್ ಬಂದವು. ದುಡ್ಡು ಬೇಡವೆಂದರೆ ಗಿಂಪ್, ಡಾರ್ಕ್‌ಟೇಬಲ್, ರಾಥೆರಪಿ ಎಂಬ ಉಚಿತ ತಂತ್ರಾಂಶಗಳೂ ಇವೆ.

ಎಡಿಟಿಂಗ್ ಚೆನ್ನಾಗಿ ಆಗಬೇಕೆಂದರೆ ಚಿತ್ರವನ್ನು ರಾ ಫೈಲ್ ಆಗಿ, ಅಂದರೆ ಕಚ್ಚಾ ರೂಪದಲ್ಲಿ ತೆಗೆಯಬೇಕು. ಜೆಪೆಗ್ ಚಿತ್ರದಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು ಮಾತ್ರ. 14 ಬಿಟ್ ರಾ ಫೈಲಿನಲ್ಲಿ 16,384 ಮೆಟ್ಟಿಲು. ಹೀಗಾಗಿ ಕತ್ತಲಾದ ಮುಖವನ್ನು ಮೇಲಕ್ಕೆ ತರಲು, ತಪ್ಪಿದ ಬಣ್ಣ ಸರಿಪಡಿಸಲು ಅವಕಾಶ ಹೆಚ್ಚು. ಆದರೂ ಫ್ಲ್ಯಾಶಿಗೆ ಪೂರ್ತಿ ಬೆಳ್ಳಗಾಗಿಹೋದ ಜರಿ ಅಂಚನ್ನು ಯಾವ ತಂತ್ರಾಂಶವೂ ಮರಳಿ ನೇಯಲಾರದು. ಮಗ್ಗದ ಊರು ಇಚಲಕರಂಜಿಯವರಿಗೆ ಇದನ್ನು ಬೇರೆ ಹೇಳಬೇಕಿಲ್ಲ. ಜರಿ ಉಳಿಯುವಷ್ಟು ಬೆಳಕು ಕಡಿಮೆ ಇಟ್ಟು ತೆಗೆದು, ನೆರಳನ್ನು ಆಮೇಲೆ ಎತ್ತುವುದು ಸರಿಯಾದ ಕ್ರಮ. ಅದೇ ರೀತಿ ಅಲುಗಿದ ಚಿತ್ರವನ್ನು ಎಡಿಟಿಂಗಿನಲ್ಲಿ ನಿಲ್ಲಿಸುವುದೂ ಕಷ್ಟ. ಅದಕ್ಕೇ ಹೇಳಿದ್ದು, ಮೊದಲು ಲೆನ್ಸ್ ಎಂದು.

ಬೆಳ್ಳಗೆ ಮಾಡುವ ಚಟ

ಇನ್ನು ನಿಜವಾದ ತೊಂದರೆಗೆ ಬರೋಣ. ಅನೇಕ ಆಲ್ಬಮ್‌ಗಳಲ್ಲಿ ಮದುಮಗಳ ಮುಖ ಹಾಲಿನ ಬಣ್ಣ, ಕೈ ಮಾತ್ರ ಅವಳದೇ ಬಣ್ಣ! ಯಾರೂ ಕೇಳದಿದ್ದರೂ ಬೆಳ್ಳಗೆ ಮಾಡಿಬಿಡುತ್ತಾರೆ. ಜೀವನಪೂರ್ತಿ ನೋಡುವ ಆಲ್ಬಮಿನಲ್ಲಿ 'ನಿನ್ನ ಬಣ್ಣ ಸರಿಯಿರಲಿಲ್ಲ, ನಾವು ತಿದ್ದಿದೆವು' ಎಂದು ಆ ಹುಡುಗಿಗೆ ಹೇಳಿದಂತಲ್ಲವೇ ಇದು? ಮೊಡವೆ ತೆಗೆಯಿರಿ, ಬೆವರಿನ ಹೊಳಪು ಇಳಿಸಿರಿ. ಅವು ನಾಲ್ಕು ದಿನದವು. ಮಚ್ಚೆ, ಮೈಬಣ್ಣ, ಮೂಗಿನ ಆಕಾರ ಅವಳವು. ಅವುಗಳ ತಂಟೆಗೆ ಹೋಗಬಾರದು.

ಅಜ್ಜ ಅಜ್ಜಿಯರ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ಹಳ್ಳಿಗಳಲ್ಲಿ ಹಿರಿಯರು ಫೋಟೋ ತೆಗೆಸಿಕೊಳ್ಳುವುದೇ ಮೊಮ್ಮಕ್ಕಳ ಮದುವೆಯಲ್ಲಿ. ಅವರು ಹೋದ ಮೇಲೆ ಗೋಡೆಗೆ ಹಾಕಿ ಮಾಲೆ ಇಡುವ ಚಿತ್ರ ಎಷ್ಟೋ ಸಲ ಮದುವೆ ಆಲ್ಬಮಿನಿಂದಲೇ ಬರುತ್ತದೆ. ಸುಕ್ಕು ಅಳಿಸಿ ಮೇಣದ ಗೊಂಬೆ ಮಾಡಿಟ್ಟರೆ ಮನೆಯವರು ಯಾರನ್ನು ನೆನೆಯಬೇಕು? ಗುಂಪಿನ ಫೋಟೋ ತೆಗೆಯುವ ಭರದಲ್ಲಿ ಇಬ್ಬರು ಹಿರಿಯರನ್ನು ಬಾಗಿಲ ಬೆಳಕಿನಲ್ಲಿ ಕೂಡಿಸಿ ಒಂದೊಂದು ಚಿತ್ರ ತೆಗೆದರೆ ಎರಡು ನಿಮಿಷದ ಕೆಲಸ. ಲಕ್ಷ ರೂಪಾಯಿ ಕೊಟ್ಟರೂ ಆಮೇಲೆ ಅದು ಸಿಗುವುದಿಲ್ಲ.

ಮೊಬೈಲಿನಲ್ಲಿ ತೆಗೆಯುವವರಿಗೂ ಒಂದು ಮಾತು. ಪೋರ್ಟ್ರೇಟ್ ಮೋಡಿನಲ್ಲಿ ಹಿನ್ನೆಲೆ ಮಸುಕಾಗುವುದು ಬಹುಪಾಲು ಲೆಕ್ಕಾಚಾರದಿಂದ. ಬಾಸಿಂಗದ ಎಳೆ, ಹಾರಾಡುವ ಕೂದಲು, ಝುಮುಕಿ ಬಂದಲ್ಲಿ ಅದರ ಲೆಕ್ಕ ತಪ್ಪುವುದುಂಟು. ಅಂಚುಗಳನ್ನು ದೊಡ್ಡದು ಮಾಡಿ ನೋಡಿಕೊಳ್ಳಿ.

ಆಲ್ಬಮ್ ಮತ್ತು ಒತ್ತಕ್ಷರ

12x18 ಇಂಚಿನ ಪುಟಕ್ಕೆ ಇಂಚಿಗೆ 300 ಚುಕ್ಕಿಯಂತೆ ಲೆಕ್ಕ ಹಾಕಿದರೆ 3600x5400, ಅಂದರೆ ಸುಮಾರು 19 ಮೆಗಾಪಿಕ್ಸೆಲ್ ಬೇಕು. 24 ಮೆಗಾಪಿಕ್ಸೆಲ್ ಕ್ಯಾಮೆರಾ ಧಾರಾಳವಾಯಿತು. ಆದರೆ ವಾಟ್ಸಾಪಿನಲ್ಲಿ ಫೋಟೋ ಎಂದು ಕಳಿಸಿದ್ದು ಕುಗ್ಗಿರುತ್ತದೆ, ಅದನ್ನು ಆಲ್ಬಮಿಗೆ ಹಾಕಬೇಡಿ. ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವೇ ಪೆನ್ ಡ್ರೈವ್ ಕೊಡಿ.

ಗಡಿಭಾಗದ ಆಲ್ಬಮ್‌ಗಳಲ್ಲಿ ಹೆಸರು ಕನ್ನಡದಲ್ಲೂ ಬೇಕು, ಮರಾಠಿಯಲ್ಲೂ ಬೇಕು. ಮರಾಠಿ ಬಲ್ಲ ಡಿಸೈನರ್ ಕೈಯಲ್ಲಿ ಕನ್ನಡದ ಒತ್ತಕ್ಷರ ಒಡೆದು 'ಮಲ್ಲಿಕಾರ್ಜುನ' ಚೂರುಚೂರಾಗುವುದು ಸಾಮಾನ್ಯ. ತಪ್ಪು ಅವರದಲ್ಲ, ಸೆಟ್ಟಿಂಗಿನದು. ಫೋಟೋಶಾಪಿನ ಕೆಲವು ಆವೃತ್ತಿಗಳಲ್ಲಿ ಪ್ರಿಫರೆನ್ಸಸ್, ಟೈಪ್ ವಿಭಾಗಕ್ಕೆ ಹೋಗಿ 'ವರ್ಲ್ಡ್ ರೆಡಿ ಲೇಔಟ್' ಆರಿಸಬೇಕು. ಸ್ವಲ್ಪ ಹಳೆಯದರಲ್ಲಿ ಅದರ ಹೆಸರು 'ಮಿಡಲ್ ಈಸ್ಟರ್ನ್ ಅಂಡ್ ಸೌತ್ ಏಷ್ಯನ್'. ಆಗ ಯೂನಿಕೋಡ್ ಕನ್ನಡ ಸರಿಯಾಗಿ ಕೂರುತ್ತದೆ. ಇನ್ನೂ ಹಳೆಯ ಆವೃತ್ತಿಯಿದ್ದರೆ ನುಡಿ, ಬರಹ ಅಥವಾ ಶ್ರೀಲಿಪಿಯ ಹಳೆ ಫಾಂಟುಗಳೇ ಗತಿ. ಏನೇ ಇರಲಿ, ಪ್ರಿಂಟಿಗೆ ಹೋಗುವ ಮೊದಲು ಕನ್ನಡ ಓದಬಲ್ಲ ಒಬ್ಬರು ಮುಖಪುಟ ನೋಡಲೇಬೇಕು.

ಮುಂಗಡ ಕೊಡುವ ಮುನ್ನ ಕೇಳಿ

1. ಆರಿಸಿದ ಹತ್ತು ಫೋಟೋ ಬೇಡ, ಯಾವುದಾದರೂ ಒಂದು ಸಂಜೆ ಮದುವೆಯ ಪೂರ್ತಿ ಆಲ್ಬಮ್ ತೋರಿಸುವಿರಾ?

2. ಬೆಳಕು ಕಡಿಮೆಯಿದ್ದಾಗ ಯಾವ ಲೆನ್ಸ್ ಬಳಸುತ್ತೀರಿ?

3. ಚಿತ್ರಗಳ ಎರಡು ಪ್ರತಿ ಬೇರೆ ಬೇರೆ ಕಡೆ ಇಡುತ್ತೀರಾ? ಅದಾಗುವವರೆಗೆ ಕಾರ್ಡ್ ಅಳಿಸುವುದಿಲ್ಲ ತಾನೇ?

4. ಮುಖದ ಬಣ್ಣ ಬದಲಿಸಬೇಡಿ ಎಂದರೆ ಒಪ್ಪುತ್ತೀರಾ?

5. ಆಲ್ಬಮ್ ಯಾವ ತಾರೀಖಿಗೆ? ಎಡಿಟ್ ಮಾಡಿದ ಫೈಲುಗಳು ನಮಗೆ ಸಿಗುತ್ತವೆಯೇ?

ಉತ್ತರವನ್ನು ರಸೀದಿಯ ಮೇಲೆ ಬರೆಸಿಕೊಳ್ಳಿ. ಮದುವೆ ನೋಂದಣಿಗೆ ಹೋದಾಗ ಲಗ್ನಪತ್ರಿಕೆಯ ಜೊತೆ ಮದುವೆಯ ಫೋಟೋ ಕೇಳುವುದು ವಾಡಿಕೆ. ಹಾಗಾಗಿ ಇಬ್ಬರ ಮುಖವೂ ಸ್ಪಷ್ಟವಾಗಿ ಕಾಣುವ ಒಂದೆರಡು ಪ್ರಿಂಟುಗಳನ್ನು ಆಲ್ಬಮಿಗೆ ಕಾಯದೆ ಮೊದಲೇ ತೆಗೆಸಿಟ್ಟುಕೊಳ್ಳಿ.

ಫೋಟೋದವರ ಕಷ್ಟವನ್ನೂ ಮರೆಯಬಾರದು. ಅಕ್ಕಿಕಾಳು ಬೀಳುವ ಹೊತ್ತಿಗೆ ಮೊಬೈಲ್ ಎತ್ತಿಕೊಂಡು ವೇದಿಕೆಯ ಮುಂದೆ ಮುಗಿಬೀಳುವವರು ನಮ್ಮ ಕಾಕಾ, ಮಾಮಾ, ತಮ್ಮಂದಿರೇ. ಆ ಐದು ನಿಮಿಷ ಎಲ್ಲರೂ ತಮ್ಮ ಜಾಗದಲ್ಲೇ ನಿಂತರೆ, ಎಂಥ ಲೆನ್ಸಿಗೂ ಅದಕ್ಕಿಂತ ದೊಡ್ಡ ಸಹಾಯ ಇನ್ನೊಂದಿಲ್ಲ.