ಕಣಕಿ ಬಂಡಿಗೆ ಮಣ್ಣಿನ ಎತ್ತು

ಅಥಣಿಯಿಂದ ವಿಜಯಪುರದ ಕಡೆ ಹೊರಟರೆ ಕೃಷ್ಣೆಯ ದಂಡೆಯ ಕಬ್ಬು ಹಿಂದೆ ಬೀಳುತ್ತದೆ. ತೆಲಸಂಗ ಬರುವ ಹೊತ್ತಿಗೆ ಮಳೆಯನ್ನೇ ನಂಬಿದ ಹೊಲಗಳು. ಇದು ಬಿಳಿಜೋಳದ ಸೀಮೆ, ಈಚೆಗೆ ದ್ರಾಕ್ಷಿಯದೂ ಹೌದು. ಈ ಭಾಗದ ಮಕ್ಕಳ ಆಟಿಕೆ ಹುಟ್ಟಿದ್ದು ಅಂಗಡಿಯಲ್ಲಲ್ಲ, ಹೊಲದಲ್ಲಿ. ಆಯಾ ತಿಂಗಳು ಕೈಗೆ ಏನು ಸಿಗುತ್ತದೋ ಅದೇ ಆಟ.

ಹಿಂಗಾರಿ ಜೋಳದ ಸುಗ್ಗಿ ಮುಗಿದು ಕಣಕಿ ಬಣವೆ ಏರಿತೆಂದರೆ ಬಂಡಿ ಕಟ್ಟುವ ಕಾಲ. ಒಣಗಿದ ದಂಟಿನ ಸಿಪ್ಪೆ ಸುಲಿದರೆ ಒಳಗೆ ಹಗುರಾದ ಬೆಂಡು. ಸಿಪ್ಪೆಯ ಸೀಳೇ ಮೊಳೆ, ಬೆಂಡೇ ಮರ. ಅಂಟು ಬೇಡ, ದಾರ ಬೇಡ, ಚುಚ್ಚಿದರೆ ಕಚ್ಚಿ ಹಿಡಿಯುತ್ತದೆ. ಸೀಳನ್ನು ಬಗ್ಗಿಸಿ ತುದಿಗಳನ್ನು ಬೆಂಡಿಗೆ ಸಿಕ್ಕಿಸಿದರೆ ಗಾಲಿ. ಅಂಥ ಎರಡನ್ನು ಅಕ್ಕಪಕ್ಕ ಜೋಡಿಸಿದರೆ ಕನ್ನಡಕ. ಅಚ್ಚು, ಮೂಕಿ, ನೊಗ ಎಲ್ಲವೂ ದೊಡ್ಡ ಬಂಡಿಯ ಲೆಕ್ಕದಲ್ಲೇ ಆಗಬೇಕು. ಹಸಿ ದಂಟು ಮಾತ್ರ ಕೆಲಸಕ್ಕೆ ಬಾರದು. ಬೆಂಡು ಒಣಗಿ ಕುಗ್ಗಿದಾಗ ಕೀಲೆಲ್ಲ ಸಡಿಲ. ಇದನ್ನು ಹುಡುಗರಿಗೆ ಯಾರೂ ಪಾಠ ಮಾಡಿ ಹೇಳುವುದಿಲ್ಲ, ಕಳಚಿ ಬಿದ್ದ ಬಂಡಿಯೇ ಹೇಳುತ್ತದೆ. ಸಿಪ್ಪೆಯ ಅಂಚು ಬ್ಲೇಡಿನಷ್ಟು ಹರಿತ. ಸಣ್ಣವರ ಪಕ್ಕದಲ್ಲಿ ದೊಡ್ಡವರೊಬ್ಬರು ಕೂತಿರಲಿ.

ಬಂಡಿ ಆಯಿತು, ಎತ್ತು? ಅದಕ್ಕೆ ಜ್ಯೇಷ್ಠದವರೆಗೆ ಕಾಯಬೇಕು. ಕಾರಹುಣ್ಣಿಮೆಗೆ ನಿಜದ ಎತ್ತುಗಳಿಗೆ ಬಣ್ಣ ಹಚ್ಚಿ ಮೆರೆಸಿದ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಮೊದಲ ಮಳೆಗೆ ನೆನೆದ ಎರೆಮಣ್ಣನ್ನು ತಂದು, ಹರಳು ಆರಿಸಿ, ನಾದಿ, ಜೋಡೆತ್ತು ಮಾಡುತ್ತಾರೆ. ಜೊತೆಗೆ ಅವು ಮೇವು ತಿನ್ನಲೊಂದು ಗ್ವಾದಲಿ. ಕಣ್ಣಿಗೆ ಜೋಳದ ಕಾಳೋ ಗುಲಗಂಜಿಯೋ. ಎರೆಮಣ್ಣು ಬಿಸಿಲಿಗೆ ಬಿರಿಯುತ್ತದೆ, ನೆರಳಲ್ಲೇ ಆರಬೇಕು. ಪೂಜೆಯ ಮರುದಿನ ಹುಡುಗರು ಕುಂಟೆತ್ತು ಹಿಡಿದು ಮನೆಮನೆಗೆ ಹಾಡುತ್ತ ಹೋಗಿ ಜೋಳ ಕೇಳುತ್ತಾರೆ. ಕಾಲು ಮುರಿದ ಎತ್ತಿಗೂ ಒಂದು ಹಬ್ಬದ ಪಾತ್ರ ಕೊಟ್ಟ ನಮ್ಮ ಹಿರಿಯರಿಗೆ ಮಕ್ಕಳ ಮನಸ್ಸು ಚೆನ್ನಾಗಿ ಗೊತ್ತಿತ್ತು!

ಆಷಾಢದ ಮಂಗಳವಾರಗಳು ಹುಡುಗಿಯರವು. ಅದೇ ಮಣ್ಣಿನಲ್ಲಿ ಗುಳ್ಳವ್ವನ ಗೊಂಬೆ, ಮೈತುಂಬ ಗುಲಗಂಜಿ, ಕುಸುಬಿ ಕಾಳು. ಶ್ರಾವಣದ ಪಂಚಮಿಗೆ ಕೊಬ್ಬರಿ ಬಟ್ಟಲಿಗೆ ದಾರ ಪೋಣಿಸಿ ಗಿರಗಿರ ತಿರುಗಿಸುವ ಆಟ. ಆಡಿ ಬೇಸರವಾದರೆ ತಿಂದು ಮುಗಿಸಬಹುದು. ಬಳಿಕ ಗಣಪ್ಪ, ಜೋಕುಮಾರ, ಮತ್ತೆ ಮಣ್ಣೇ.

ಇಂಥ ಆಟಿಕೆ ಈ ಸೀಮೆಗೆ ಮಾತ್ರ ಸೇರಿದ್ದಲ್ಲ. ನಾಗಪುರದ ಕಡೆ ಪೋಳಾ ಹಬ್ಬದ ಮರುದಿನ ಮಕ್ಕಳು ಮರದ ಎತ್ತುಗಳನ್ನು ಎಳೆದು ನಡೆಯುವ 'ತಾನ್ಹಾ ಪೋಳಾ' ಇದೆ. ಹರಪ್ಪ, ಮೊಹೆಂಜೊದಾರೊಗಳಲ್ಲಿ ಸುಟ್ಟ ಮಣ್ಣಿನ ಆಟದ ಬಂಡಿಗಳು ಸಿಕ್ಕಿವೆ. ಕಸದಿಂದ ಆಟಿಕೆ ಮಾಡಿ ವಿಜ್ಞಾನ ಕಲಿಸಿದ ಅರವಿಂದ ಗುಪ್ತಾ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು.

ಈಗ ಅಮಾವಾಸ್ಯೆಯ ಮುಂಚಿನ ಸಂತೆಯಲ್ಲಿ ಅಚ್ಚಿನಲ್ಲಿ ಒತ್ತಿ ಬಣ್ಣ ಬಳಿದ ಎತ್ತುಗಳು ಸಾಲಾಗಿ ಕೂತಿರುತ್ತವೆ. ಕುಂಬಾರರಿಗೆ ನಾಲ್ಕು ಕಾಸಾಗಲಿ, ಪೂಜೆಗೆ ಅದನ್ನೇ ಇಡಿ, ತಕರಾರಿಲ್ಲ. ಆದರೆ ಮಗು ನಾದುವ ಎತ್ತು ಬೇರೆ. ಅದು ನಾಯಿಯಂತೆ ಕಂಡರೂ ತಿದ್ದಲು ಹೋಗಬೇಡಿ.

2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೇ ತರಗತಿಯ ಮಕ್ಕಳಿಗೆ 10 ದಿನ ಬ್ಯಾಗಿಲ್ಲದೆ ಬಡಿಗ, ಕುಂಬಾರರಂಥ ಕಸುಬುದಾರರ ಬಳಿ ಕಲಿಯಲು ಹೇಳಿದೆ. ಮಣ್ಣೆತ್ತಿನ ಅಮಾವಾಸ್ಯೆ ಬರುವುದು ಶಾಲೆ ಶುರುವಾದ ಹೊಸತರಲ್ಲೇ. ಈ ಭಾಗದ ಗುರುಗಳು ಆ ಹತ್ತರಲ್ಲಿ ಒಂದು ದಿನವನ್ನು ಆ ವಾರಕ್ಕೆ ಮೀಸಲಿಡಲಿ. ಬೇಕಾಗುವುದು ಒಂದು ಬುಟ್ಟಿ ಎರೆಮಣ್ಣು, ಒಂದು ಕೊಡ ನೀರು.