ಬೊಬ್ಲಿಂಗೆನ್‌ನ ಚಳಿಗಾಲಕ್ಕೆ ಬಿಸಿಲಿನ ಲೆಕ್ಕ

ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಸ್ಟುಟ್‌ಗಾರ್ಟ್ ಪಕ್ಕದ ಬೊಬ್ಲಿಂಗೆನ್ ಹೆಚ್ಚುಕಡಿಮೆ 48.7ರಲ್ಲಿ. ಕಾರು, ಕಂಪ್ಯೂಟರ್ ಉದ್ಯಮಗಳ ಈ ಊರಿಗೆ ಕೆಲಸಕ್ಕೆ ಬರುವ ಕನ್ನಡಿಗರ ಆರೋಗ್ಯಕ್ಕೆ ಈ ಅಂತರ ಸಣ್ಣದಲ್ಲ.

ರೋಗನಿರೋಧಕ ಶಕ್ತಿಗೂ ಮೂಳೆಗಳಿಗೂ ಬೇಕಾದ ವಿಟಮಿನ್ ಡಿ ಚರ್ಮದಲ್ಲಿ ತಯಾರಾಗಲು ಸೂರ್ಯನ ಅತಿನೇರಳೆ-ಬಿ ಕಿರಣ ಬೇಕು. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಜರ್ಮನಿಯಲ್ಲಿ ಸೂರ್ಯ ತೀರಾ ತಗ್ಗಿನಲ್ಲಿರುವುದರಿಂದ ಅದು ಸಾಕಷ್ಟು ಸಿಗದು. ಕಪ್ಪು ಮೈಬಣ್ಣದವರಿಗೆ ಇನ್ನೂ ಹೆಚ್ಚು ಬಿಸಿಲು ಬೇಕು. ಅನ್ನ, ಸಾರು, ಪಲ್ಯದ ಊಟದಲ್ಲಿ ಈ ವಿಟಮಿನ್ ಇಲ್ಲವೆನ್ನುವಷ್ಟು ಕಡಿಮೆ. ಕೊಬ್ಬಿನಂಶವಿರುವ ಮೀನು, ಮೊಟ್ಟೆಯ ಹಳದಿ ತಕ್ಕಮಟ್ಟಿಗೆ ನೆರವಾಗುತ್ತವೆ.

ಬಿಸಿಲು ಸಾಲದಿದ್ದಾಗ ದಿನಕ್ಕೆ 20 ಮೈಕ್ರೊಗ್ರಾಂ ಬೇಕೆನ್ನುತ್ತದೆ ಜರ್ಮನ್ ಪೋಷಣಾ ಸಂಘ. ಹಾಗೆಂದು ಮಾತ್ರೆಗಳನ್ನು ಮನಸ್ಸಿಗೆ ಬಂದಂತೆ ನುಂಗುವುದು ಅಪಾಯಕರ: ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ.

ಉಳಿದವು ಹಳೆಯ ಅಭ್ಯಾಸಗಳೇ. ಸಾಕಷ್ಟು ನಿದ್ದೆ, ಸೋಪಿನಿಂದ ಕೈತೊಳೆಯುವುದು, ಊರ ನಡುವಿನ ಜೋಡಿ ಕೆರೆಗಳ ಸುತ್ತ ನಡಿಗೆ. ಚಳಿಯೆಂದು ಮುಚ್ಚಿದ ಕಿಟಕಿಗಳನ್ನು ದಿನಕ್ಕೆ ಕೆಲವು ಸಲ, ಐದು ನಿಮಿಷವಾದರೂ ಪೂರ್ತಿ ತೆರೆಯುವ ಜರ್ಮನ್ನರ ರೂಢಿಯನ್ನು ನಮ್ಮವರೂ ಕಲಿಯಬೇಕು.

ಮಗನ ಮನೆಗೆ ಬಂದು ಚಳಿಗಾಲ ಕಳೆಯುವ, 60 ದಾಟಿದ ಅಪ್ಪ-ಅಮ್ಮನಿಗೆ ಫ್ಲೂ ಲಸಿಕೆಯ ಬಗ್ಗೆ ಶರತ್ಕಾಲದಲ್ಲೇ ವೈದ್ಯರನ್ನು ಕೇಳಿ.